ಹಲ್ಲು ಕೀಳಿಸಿಕೊಂಡ ಮೇಲೆ ಮೊದಲ ಫೋನ್ ಯಾರಿಗೆ?

ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಕ್ಲಿನಿಕ್‌ಗೆ ಬರುವಷ್ಟರಲ್ಲಿ ಐವತ್ತರ ಆಸುಪಾಸಿನ ಒಬ್ಬ ಮಹಿಳೆಯನ್ನು ಅವರ ಮಗ ಆಟೋದಲ್ಲಿ ಕರೆತಂದು ಬೆಂಚಿನ ಮೇಲೆ ಕೂರಿಸಿದ್ದ. ಶಾಲಿನ ತುದಿಯನ್ನು ಮುದ್ದೆ ಮಾಡಿ ಎಡಗೆನ್ನೆಗೆ ಒತ್ತಿ ಹಿಡಿದಿದ್ದರು. "ಉಮ್ಮನಿಗೆ ದವಡೆ ಹಲ್ಲು ತೆಗೆಸಿ ನಾಲ್ಕು ದಿನ ಆಯ್ತು ಡಾಕ್ಟ್ರೇ. ಸ್ವಲ್ಪ ನೋವಂತೆ. ಏನಾದ್ರೂ ಮದ್ದು ಕೊಡಿ" ಎಂದ ಮಗ.

ಬಾಯಿ ತೆರೆಯಿರಿ ಎಂದರೆ ಒಂದು ಬೆರಳು ತೂರುವಷ್ಟು ಕೂಡ ತೆರೆಯಲು ಅವರಿಂದ ಆಗಲಿಲ್ಲ. ಗಲ್ಲದ ಕೆಳಗೆ ಎರಡೂ ಕಡೆ ಬಾವು, ಮುಟ್ಟಿದರೆ ಮರದ ಹಲಗೆಯಂತೆ ಗಟ್ಟಿ. ನಾಲಿಗೆ ಮೇಲಕ್ಕೆದ್ದಿತ್ತು. ಮಾತು ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವರ ಹಾಗೆ ತೊದಲುತ್ತಿತ್ತು, ಉಗುಳು ನುಂಗಲಾಗದೆ ಶಾಲಿಗೇ ಒರೆಸಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತು. ಎರಡು ದಿನಗಳಿಂದ ಚಳಿಜ್ವರ. ಇದಕ್ಕೆ ಮಗ ಇಟ್ಟ ಹೆಸರು 'ಸ್ವಲ್ಪ ನೋವಂತೆ'!

ಹಲ್ಲು ಕಿತ್ತ ಡಾಕ್ಟರಿಗೆ ತಿಳಿಸಿದ್ದೀರಾ ಎಂದು ಕೇಳಿದೆ. ಇಲ್ಲ. ಹೊಲಿಗೆ ಬಿಚ್ಚಲು ಏಳನೇ ದಿನ ಬನ್ನಿ ಎಂದಿದ್ದರಂತೆ, ಏಳು ದಿನ ಆಗಲಿ ಎಂದು ಕಾಯುತ್ತಿದ್ದರು. ಮಧ್ಯದಲ್ಲಿ ಫೋನ್ ಮಾಡಿದರೆ ಡಾಕ್ಟರಿಗೆ ಬೇಜಾರಾಗಬಹುದು, ಮತ್ತೆ ಫೀಸು ಕೇಳಬಹುದು ಎಂಬ ಅಳುಕು. ನಾನಾದರೆ ಅದೇ ಊರಿನವನು, ಅದೇ ಜಮಾಅತಿನವನು, ಸಂಕೋಚವಿಲ್ಲ.

ಔಷಧಿ ಚೀಟಿಯ ಮೇಲೆ ಆ ಓರಲ್ ಸರ್ಜನ್ ಅವರ ನಂಬರ್ ಇತ್ತು. ನಾನೇ ಫೋನ್ ಮಾಡಿ ಕಂಡದ್ದನ್ನು ಹೇಳಿದೆ. ಅವರು ಒಂದೇ ಮಾತಿಗೆ, "ಕ್ಲಿನಿಕ್‌ಗೆ ಬೇಡ ಡಾಕ್ಟ್ರೇ, ನೇರ ಆಸ್ಪತ್ರೆಗೆ ಕಳಿಸಿ, ನಾನೂ ಬರ್ತೇನೆ" ಎಂದರು. ಅದೇ ರಾತ್ರಿ ಗಲ್ಲದ ಕೆಳಗೆ ಕೊಯ್ದು ಕೀವು ತೆಗೆದರು. ಮೂರು ದಿನ ಐಸಿಯುನಲ್ಲಿದ್ದು ಆ ತಾಯಿ ಬದುಕಿ ಬಂದರು, ಅಲ್‌ಹಮ್ದುಲಿಲ್ಲಾಹ್. ಇದಕ್ಕೆ ಲುಡ್ವಿಗ್ಸ್ ಆಂಜೈನಾ ಎಂದು ಹೆಸರು. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯರ ಹೆಸರೇ ಅಂಟಿಕೊಂಡಿದೆ. ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಳದವಡೆಯ ಹಲ್ಲಿನ ಸೋಂಕು ನಾಲಿಗೆಯ ಅಡಿಯ ಮೆದುಭಾಗಕ್ಕೆ ಹರಡಿ, ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿ, ಉಸಿರಿನ ದಾರಿಯನ್ನೇ ಮುಚ್ಚುವ ಕಾಯಿಲೆ. ಇಲ್ಲಿ ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಆ ಸಂಜೆ ನಾನು ಮಗನ 'ಸ್ವಲ್ಪ ನೋವಂತೆ'ಯನ್ನು ನಂಬಿ ಒಂದು ಸುನೂನ್ ಪುಡಿಯನ್ನೋ ಲವಂಗದ ಎಣ್ಣೆಯನ್ನೋ ಕೊಟ್ಟು ಕಳಿಸಿದ್ದರೆ? ಅನೇಕ ದಿನ ಈ ಪ್ರಶ್ನೆ ನನ್ನ ನಿದ್ದೆ ಕೆಡಿಸಿದೆ. ಅದಕ್ಕೇ ಈ ಬರಹ. ನಾನು ಯುನಾನಿ ವೈದ್ಯ. ನನ್ನ ಪದ್ಧತಿಯ ಬಗ್ಗೆ ನನಗೆ ಅಭಿಮಾನವಿದೆ. ಆದರೂ ಹೇಳುತ್ತೇನೆ: ಬಾಯಿಯಲ್ಲಿ ಶಸ್ತ್ರಚಿಕಿತ್ಸೆ ಆದ ಮೇಲೆ ಏನೇ ತೊಂದರೆ ಕಾಣಿಸಿದರೂ ಮೊದಲ ಫೋನ್ ಹೋಗಬೇಕಾದದ್ದು ಆ ಶಸ್ತ್ರಚಿಕಿತ್ಸೆ ಮಾಡಿದವರಿಗೆ. ನನಗಲ್ಲ, ಮೆಡಿಕಲ್ ಶಾಪಿನವನಿಗಲ್ಲ, ಪಕ್ಕದ ಮನೆಯವರಿಗೂ ಅಲ್ಲ.

ಕಾರಣ ಸರಳ. ಆ ಹಲ್ಲು ಹೇಗೆ ಕುಳಿತಿತ್ತು, ಬೇರು ನರಕ್ಕೆ ಎಷ್ಟು ಹತ್ತಿರವಿತ್ತು, ಎಲುಬನ್ನು ಎಷ್ಟು ಕೊರೆಯಬೇಕಾಯಿತು, ಬೇರಿನ ತುಂಡೇನಾದರೂ ಉಳಿದಿದೆಯೇ ಎಂಬುದೆಲ್ಲ ಅವರೊಬ್ಬರಿಗೇ ಗೊತ್ತು. ಎಕ್ಸ್‌ರೇ ಅವರ ಬಳಿ ಇದೆ. ನಾವು ಹೊರಗಿನವರು ಬಾಯಿ ನೋಡಿ ಊಹಿಸಬೇಕು. ಆದರೆ ಅವರಿಗೂ ಒಂದು ವಿಷಯ ಗೊತ್ತಿರುವುದಿಲ್ಲ. ನೀವು ಅವರ ಬಾಗಿಲು ದಾಟಿದ ಮೇಲೆ ಆ ಬಾಯಿಯೊಳಗೆ ಏನಾಗುತ್ತಿದೆ ಎಂಬುದು. ಅದನ್ನು ನೀವೇ ಹೇಳಬೇಕು.

ಹಾಗೆಂದು ಎಲ್ಲಕ್ಕೂ ಗಾಬರಿ ಬೇಡ. ಹಲ್ಲು ಕಿತ್ತ ದಿನ ಉಗುಳಿನಲ್ಲಿ ತಿಳಿಗೆಂಪು ಬಣ್ಣ ಕಾಣುವುದು ಸಹಜ. ಎಲುಬು ಕೊರೆದು ತೆಗೆದ ಬುದ್ಧಿಹಲ್ಲಾದರೆ ಕೆನ್ನೆ ಊದಿಕೊಳ್ಳುತ್ತದೆ, ಆ ಬಾವು ಎರಡನೇ ಮೂರನೇ ದಿನದವರೆಗೆ ಏರಿ ಆಮೇಲೆ ಇಳಿಯುತ್ತದೆ. ಕೆಲವು ದಿನ ಬಾಯಿ ಪೂರ್ತಿ ತೆರೆಯದಿರುವುದೂ ಉಂಟು. ಮುಖ್ಯವಾಗಿ ಗಮನಿಸಬೇಕಾದದ್ದು ಅದು ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು. ಮೂರನೇ ದಿನದ ನಂತರವೂ ಬಾವು ಏರುತ್ತಿದೆ, ಕಡಿಮೆಯಾಗಿದ್ದ ನೋವು ಮತ್ತೆ ಹೆಚ್ಚಾಗಿದೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ, ಹತ್ತಿ ಬಟ್ಟೆಯನ್ನು ಅರ್ಧ ಗಂಟೆ ಬಿಗಿಯಾಗಿ ಕಚ್ಚಿ ಹಿಡಿದರೂ ರಕ್ತ ನಿಲ್ಲುತ್ತಿಲ್ಲ ಎಂದಾದರೆ ಫೋನ್ ಎತ್ತಲೇಬೇಕು. ನುಂಗಲು ಕಷ್ಟ, ಧ್ವನಿ ಬದಲಾಗಿದೆ, ಉಸಿರು ಕಟ್ಟಿದಂತಾಗುತ್ತಿದೆ ಎಂದರೆ ಫೋನಿಗೂ ಕಾಯಬೇಡಿ. ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ, ದಾರಿಯಲ್ಲಿ ಫೋನ್ ಮಾಡಿದರಾಯಿತು.

ಈಗ ನನ್ನದೇ ಕತೆ ಹೇಳದಿದ್ದರೆ ಅನ್ಯಾಯವಾದೀತು. ಕೆಲವು ವರ್ಷಗಳ ಹಿಂದೆ ನನ್ನ ಕೆಳದವಡೆಯ ಬುದ್ಧಿಹಲ್ಲು ತೆಗೆಸಿಕೊಂಡಿದ್ದೆ. ಎರಡು ದಿನ ಚೆನ್ನಾಗಿದ್ದೆ. ಮೂರನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಯಿತು ನೋಡಿ, ಕಿವಿಯವರೆಗೆ ಸಿಡಿಯುವ ನೋವು, ಬಾಯಲ್ಲಿ ನನಗೇ ಹೇಸಿಗೆಯಾಗುವ ವಾಸನೆ. ನಾನು ಹಕೀಮ, ನನಗೆ ಗೊತ್ತಿಲ್ಲದ್ದೇ? ರೋಗನ್-ಎ-ಕರನ್‌ಫಲ್, ಅಂದರೆ ಲವಂಗದ ಎಣ್ಣೆ, ಮನೆಯಲ್ಲೇ ಇತ್ತು. ಹತ್ತಿಯಲ್ಲಿ ಅದ್ದಿ ಗುಳಿಗೆ ತುರುಕಿಕೊಂಡೆ. ಹತ್ತು ನಿಮಿಷ ಸುಖ, ಮತ್ತೆ ನೋವು, ಮತ್ತೆ ಎಣ್ಣೆ. ಹೀಗೆ ಮೂರು ದಿನ. ಒಸಡು ಸುಟ್ಟು ಬಿಳಿಯಾಯಿತು. ಕೊನೆಗೆ ಹೆಂಡತಿಯ ಬೈಗುಳ ತಾಳಲಾರದೆ ಸರ್ಜನ್ ಬಳಿ ಹೋದೆ.

ಅವರು ನೋಡಿ ನಕ್ಕರು. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಎಲುಬನ್ನು ಮುಚ್ಚಬೇಕು. ಆ ಹೆಪ್ಪು ಕಳಚಿಹೋದರೆ ಎಲುಬು ಬರಿದಾಗಿ ಈ ನೋವು ಬರುತ್ತದೆ. ಡ್ರೈ ಸಾಕೆಟ್ ಎನ್ನುತ್ತಾರೆ. ಬೀಡಿ ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ನುಂಗುವ ಹೆಣ್ಣುಮಕ್ಕಳಿಗೆ, ಕೆಳಗಿನ ಬುದ್ಧಿಹಲ್ಲು ತೆಗೆಸಿದವರಿಗೆ ಇದರ ಕಾಟ ಹೆಚ್ಚು. ಸರ್ಜನ್ ಗುಳಿಯನ್ನು ಉಪ್ಪುನೀರಿನಿಂದ ತೊಳೆದು, ಒಂದು ಪಟ್ಟಿಯನ್ನು ತುಂಬಿದರು. ಹತ್ತೇ ನಿಮಿಷದ ಕೆಲಸ, ಮನೆಗೆ ಹೋಗುವಷ್ಟರಲ್ಲಿ ಮುಕ್ಕಾಲು ನೋವು ಮಾಯ. ಆ ಪಟ್ಟಿಯಲ್ಲಿ ಏನು ಹಾಕಿದ್ದಿರಿ ಎಂದು ಕೇಳಿದೆ. ಯೂಜಿನಾಲ್ ಎಂದರು. ಲವಂಗದ ಎಣ್ಣೆಯ ಸಾರವೇ ಅದು! ಮದ್ದು ನನ್ನದೇ. ಆದರೆ ಎಷ್ಟು ಹಾಕಬೇಕು, ತೊಳೆದ ಗುಳಿಗೆ ಹಾಕಬೇಕೋ ಕೊಳೆ ತುಂಬಿದ ಗುಳಿಗೋ, ಎಷ್ಟು ದಿನ ಇಡಬೇಕು ಎಂಬುದು ಆ ಗುಳಿಯನ್ನು ಕಂಡವರಿಗೆ ಗೊತ್ತಿತ್ತು. ಮೊದಲ ದಿನವೇ ಒಂದು ಫೋನ್ ಮಾಡಿದ್ದರೆ ಮೂರು ರಾತ್ರಿ ಉಳಿಯುತ್ತಿತ್ತು. ಒಬ್ಬ ವೈದ್ಯನಿಗೇ ಮತ್ತೊಬ್ಬ ವೈದ್ಯನ ಮುಂದೆ ಬಾಯಿ ಬಿಡಲು ಇಷ್ಟು ಸಂಕೋಚವಾದರೆ ಉಳಿದವರ ಪಾಡೇನು?

ನನ್ನ ವೃತ್ತಿಬಾಂಧವರಿಗೂ ಒಂದು ಮಾತು ಹೇಳಬೇಕಿದೆ. ಇಂಥ ರೋಗಿ ಬಂದಾಗ "ಇಂಗ್ಲಿಷ್ ಡಾಕ್ಟರುಗಳು ಹೀಗೇ, ಕೀಳುವುದಷ್ಟೇ ಗೊತ್ತು" ಎಂದು ನಗುವವರು ನಮ್ಮಲ್ಲಿದ್ದಾರೆ. ರೋಗಿಗೆ ಆ ಕ್ಷಣ ಸಮಾಧಾನವೂ ಆಗುತ್ತದೆ. ಆದರೆ ಆ ಒಂದು ಮಾತಿನಿಂದ ಅವರು ಸರ್ಜನ್‌ಗೆ ಮಾಡಬೇಕಿದ್ದ ಫೋನ್ ನಿಂತುಹೋಗುತ್ತದೆ. ನಮ್ಮ ಪರಂಪರೆ ಅಂಥದ್ದಲ್ಲ. ಸಾವಿರ ವರ್ಷದ ಹಿಂದೆ ಅಂದಲೂಸಿನ ಅಬುಲ್ ಕಾಸಿಂ ಅಝ್‌ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಹಲ್ಲು ಕೀಳುವ ಇಕ್ಕಳಗಳ ಚಿತ್ರಗಳನ್ನೇ ಬರೆದಿಟ್ಟವರು. ನೋವು ರೋಗಿಯನ್ನು ಮೋಸಗೊಳಿಸುತ್ತದೆ, ಒಳ್ಳೆಯ ಹಲ್ಲನ್ನೇ ಕೆಟ್ಟದ್ದೆಂದು ತೋರಿಸುತ್ತದೆ, ಆದ್ದರಿಂದ ಯಾವ ಹಲ್ಲೆಂದು ಖಚಿತವಾಗುವವರೆಗೆ ಕೀಳಬೇಡಿ ಎಂದು ಎಚ್ಚರಿಸಿದ್ದಾರೆ. ರೋಗಿಯ ಮಾತನ್ನು ಕೇಳದೆ, ಬಾಯಿಯನ್ನು ಪರೀಕ್ಷಿಸದೆ ಅಂಥ ಖಚಿತತೆ ಎಲ್ಲಿಂದ ಬರಬೇಕು?

ಸರ್ಜನ್‌ಗಳ ಮೇಲೂ ನನಗೆ ದೂರಿದೆ. 'ಏಳನೇ ದಿನ ಬನ್ನಿ' ಎಂದರೆ ಸಾಲದು, 'ಅದಕ್ಕೂ ಮೊದಲು ಹೀಗೆ ಹೀಗೆ ಆದರೆ ಅದೇ ದಿನ ಬನ್ನಿ, ದುಡ್ಡಿನ ಚಿಂತೆ ಬೇಡ' ಎನ್ನಬೇಕು. ಅದನ್ನು ಗಂಡನಿಗೋ ಮಗನಿಗೋ ಹೇಳಿ ಮುಗಿಸುವುದಲ್ಲ, ಹಲ್ಲು ಕೀಳಿಸಿಕೊಂಡವರ ಮುಖ ನೋಡಿ ಹೇಳಬೇಕು. ಅವರಿಗೆ ಅರ್ಥವಾಗುವ ಬ್ಯಾರಿಯಲ್ಲೋ ಉರ್ದುವಿನಲ್ಲೋ ಹೇಳಲು ಯಾರಾದರೂ ಒಬ್ಬರು ಸಿಕ್ಕೇ ಸಿಗುತ್ತಾರೆ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ನೋವು ಡಾಕ್ಟರರನ್ನು ತಲುಪುವುದು ಈ 'ಅಂತೆ'ಯ ಮೂಲಕ. ನೋವಂತೆ, ಜ್ವರವಂತೆ, ಊಟ ಸೇರುವುದಿಲ್ಲವಂತೆ. ಹೇಳುವವನಿಗೆ ನೋವಿಲ್ಲ, ನೋವಿದ್ದವರು ಹೇಳುವುದಿಲ್ಲ. ಮೊನ್ನೆ ಒಬ್ಬ ತರುಣಿಯ ಪತಿ ಹದಿನೈದು ನಿಮಿಷ ಅವಳ ಹಲ್ಲುನೋವನ್ನು ನನಗೆ ವರ್ಣಿಸಿದ. ಅವಳು ಗರ್ಭಿಣಿ ಎಂಬುದನ್ನು ಹೇಳಲು ಅವನಿಗೆ ನಾಚಿಕೆ, ಅವಳಿಗೆ ಅವಕಾಶವಿರಲಿಲ್ಲ. ಸಹೋದರಿಯರೇ, ಪರದೆ ನಿಮ್ಮ ಮಾತಿಗಲ್ಲ. ಚಿಕಿತ್ಸೆಗಾಗಿ ನಿಖಾಬ್ ಸರಿಸಿ ಬಾಯಿ ತೋರಿಸಬಹುದಾದರೆ ಅದೇ ಬಾಯಿಂದ ಎರಡು ಮಾತು ಆಡಲೂಬಹುದು. ಫೋನಿನಲ್ಲಿ ನೀವೇ ಮಾತಾಡಿ. ಮುಜುಗರವಾದರೆ ಮಹಿಳಾ ಡಾಕ್ಟರರನ್ನೋ ಅಲ್ಲಿನ ನರ್ಸನ್ನೋ ಕೇಳಿಕೊಳ್ಳಿ.

ಮುಚ್ಚಿಡುವುದರಲ್ಲಿ ಗಂಡಸರೇನೂ ಕಡಿಮೆಯಿಲ್ಲ, ಅವರದು ಬೇರೆ ಪಟ್ಟಿ. ಗುಟ್ಕಾ ಜಗಿಯುತ್ತೇನೆ ಎಂದು ಹೇಳುವುದಿಲ್ಲ, ಕಿತ್ತ ಮರುದಿನವೇ ಬೀಡಿ ಹಚ್ಚಿದ್ದನ್ನಂತೂ ಕೇಳಲೇಬೇಡಿ. ಡಾಕ್ಟರು ನಿಮ್ಮನ್ನು ತರ್ಬಿಯತ್ ಮಾಡಲು ಕೂತವರಲ್ಲ. ಬೀಡಿ ಸೇದಿದ್ದೀರೆಂದು ಗೊತ್ತಾದರೆ ಈ ನೋವು ಡ್ರೈ ಸಾಕೆಟ್ ಇರಬಹುದೆಂದು ಅವರಿಗೆ ಹೊಳೆಯುತ್ತದೆ, ಅಷ್ಟೇ. ಹೃದಯಕ್ಕಾಗಿ ನುಂಗುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮಾತ್ರೆಗಳನ್ನು ತಿಳಿಸಲೇಬೇಕು. ಹಲ್ಲು ಕಿತ್ತ ಮೇಲೆ ಸಾಮಾನ್ಯವಾಗಿ ಕೊಡುವ ಮೆಟ್ರೊನಿಡಝೋಲ್ ಮಾತ್ರೆ ವಾರ್ಫರಿನ್‌ನ ಬಲ ಹೆಚ್ಚಿಸಿ ರಕ್ತ ನಿಲ್ಲದಂತೆ ಮಾಡಬಲ್ಲದು. ರಕ್ತ ಬರುತ್ತಿದೆ ಎಂದು ಹೃದಯದ ಮಾತ್ರೆಯನ್ನು ನೀವೇ ನಿಲ್ಲಿಸುವುದು ಇನ್ನೂ ಅಪಾಯ. ಎಲುಬು ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯೋ ವರ್ಷಕ್ಕೊಮ್ಮೆ ಹಾಕಿಸುವ ಝೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ನೋ ಇದ್ದರೆ ಅದನ್ನು ಹಲ್ಲು ಕೀಳಿಸುವ ಮೊದಲೇ ಹೇಳಬೇಕಿತ್ತು. ಮರೆತಿದ್ದರೆ ಈಗಲಾದರೂ ಹೇಳಿ. ಅಂಥವರಲ್ಲಿ ಕೆಲವರಿಗೆ ದವಡೆಯ ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ.

ನಾನು ಕೊಟ್ಟ ಮಾಜೂನನ್ನೂ ಹೇಳಿ. ನೀವು ದಿನಾ ಕುಡಿಯುವ ಕಲೌಂಜಿ ಎಣ್ಣೆ, ಬೆಳ್ಳುಳ್ಳಿಯ ಕ್ಯಾಪ್ಸೂಲ್ ಇವನ್ನೂ ಹೇಳಿ. 'ಅದೆಲ್ಲ ಮನೆಮದ್ದು, ಅದರಿಂದೇನು' ಎನ್ನಬೇಡಿ. ಬೆಳ್ಳುಳ್ಳಿ ಹೆಚ್ಚಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಯುನಾನಿ ಮದ್ದೆಂದರೆ ಸರ್ಜನ್ ಬೈದಾರು ಎಂಬ ಭಯದಿಂದ ಮುಚ್ಚಿಡುವವರಿದ್ದಾರೆ. ಬೈದರೆ ಬೈಯಲಿ, ನನಗೂ ಸೇರಿಸಿ ಬೈಯಲಿ, ಲೆಕ್ಕ ಸರಿಯಾಗುವುದು ಮುಖ್ಯ.

ರಮದಾನ್ ಬಂತೆಂದರೆ ಮತ್ತೊಂದು ಮೌನ. ದಿನಕ್ಕೆ ಮೂರು ಸಲ ಬರೆದುಕೊಟ್ಟ ಆಂಟಿಬಯೋಟಿಕ್ ಅನ್ನು ಉಪವಾಸಿಗರು ಸಹರಿಗೊಂದು ಇಫ್ತಾರಿಗೊಂದು ಎಂದು ತಾವೇ ಎರಡಕ್ಕಿಳಿಸುತ್ತಾರೆ, ಇಲ್ಲವೇ ಇಫ್ತಾರಿಗೆ ಎರಡು ಒಟ್ಟಿಗೆ ನುಂಗುತ್ತಾರೆ. ಉಪವಾಸವಿದೆ ಎಂದು ಮೊದಲೇ ಹೇಳಿದರೆ ಎರಡೇ ಹೊತ್ತಿನ ಔಷಧಿಯನ್ನು ಅವರೇ ಆರಿಸಿ ಬರೆದಾರು, ಅಥವಾ ತುರ್ತಿಲ್ಲದ ಹಲ್ಲನ್ನು ಈದ್ ಕಳೆದ ಮೇಲೆ ಕೀಳೋಣ ಎಂದಾರು. ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ತೀರಿಸುವ ಅನುಮತಿಯನ್ನು ಕುರ್‌ಆನೇ ಕೊಟ್ಟಿದೆ. ವುಝೂವಿನ ವಿಷಯವೂ ಹಾಗೆಯೇ. ಮೊದಲ 24 ಗಂಟೆ ಜೋರಾಗಿ ಬಾಯಿ ಮುಕ್ಕಳಿಸಿದರೆ ಆ ಹೆಪ್ಪು ಕಳಚುತ್ತದೆ. ನೀರನ್ನು ಬಾಯಿಗೆ ತೆಗೆದುಕೊಂಡು, ಅಲುಗಾಡಿಸದೆ, ತಲೆ ಬಗ್ಗಿಸಿ ತಾನಾಗಿ ಬೀಳಲು ಬಿಡಿ. ಮಿಸ್ವಾಕ್ ಇನ್ನೊಂದು ಬದಿಗಿರಲಿ. ಉಳಿದ ಮಸ್‌ಅಲಗಳನ್ನು ನಿಮ್ಮ ಖತೀಬರಲ್ಲಿ ಕೇಳಿ.

ಗಲ್ಫ್‌ನಲ್ಲಿರುವ ನಮ್ಮ ಹುಡುಗರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ರಜೆಯ ಮೂವತ್ತು ದಿನಗಳಲ್ಲಿ ಮದುವೆ, ಮನೆಕೆಲಸ, ನೆಂಟರ ಮನೆ ಎಲ್ಲ ಮುಗಿಸಿ, ಕೊನೆಯ ನಾಲ್ಕು ದಿನ ಉಳಿದಾಗ ಬುದ್ಧಿಹಲ್ಲು ನೆನಪಾಗುತ್ತದೆ. ಅಲ್ಲಿ ದುಬಾರಿ, ಇಲ್ಲೇ ಕೀಳಿಸಿಬಿಡೋಣ ಎಂದು ಕೀಳಿಸಿ ವಿಮಾನ ಹತ್ತುತ್ತಾರೆ. ಜಿದ್ದಾದಲ್ಲಿ ಕೆಲಸ ಮಾಡುವ ಒಬ್ಬ ತರುಣ ಮುಂದಿನ ರಜೆಯಲ್ಲಿ ನನ್ನ ಬಳಿ ಬಂದು, ಕೆಳತುಟಿಯ ಅರ್ಧಭಾಗ ಒಂದು ವರ್ಷದಿಂದ ಜೋಮು ಹಿಡಿದಿದೆ, ಚಹಾ ಚೆಲ್ಲಿದರೂ ಗೊತ್ತಾಗುವುದಿಲ್ಲ, ನರದ ಬಲಕ್ಕೆ ಏನಾದರೂ ಮದ್ದು ಕೊಡಿ ಎಂದ. ಕೆಳಗಿನ ಬುದ್ಧಿಹಲ್ಲಿನ ಬೇರಿನ ಪಕ್ಕದಲ್ಲೇ ತುಟಿಗೂ ಗಲ್ಲಕ್ಕೂ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ನಾಲಿಗೆಯ ನರವೂ ಅಲ್ಲೇ ಹತ್ತಿರ. ಮರಗಟ್ಟಿಸುವ ಇಂಜೆಕ್ಷನ್ನಿನ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮರುದಿನವೂ ಜೋಮು ಉಳಿದಿದ್ದರೆ ನರಕ್ಕೆ ಪೆಟ್ಟಾಗಿದೆ ಎಂದರ್ಥ. ಬಹಳಷ್ಟು ಜನರಲ್ಲಿ ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿಯೇ ಸರಿಯಾಗುತ್ತದೆ. ಆದರೆ ಸರಿಯಾಗುತ್ತಿದೆಯೇ ಇಲ್ಲವೇ ಎಂದು ಮೊದಲಿನಿಂದಲೂ ಗಮನಿಸುವವರು ಬೇಕು, ಆಗದಿದ್ದರೆ ಮುಂದಿನ ಚಿಕಿತ್ಸೆಗೆ ಮೊದಲ ಕೆಲವು ತಿಂಗಳುಗಳೇ ಬೆಲೆಯುಳ್ಳವು. ಅವನು ಆ ತಿಂಗಳುಗಳನ್ನು ಕಳೆದುಕೊಂಡಿದ್ದ. ಯಾಕೆ ಹೇಳಲಿಲ್ಲ ಎಂದರೆ, "ಇಷ್ಟು ದೂರದಿಂದ ಹೇಳಿ ಏನು ಪ್ರಯೋಜನ ಅಂದುಕೊಂಡೆ" ಎಂದ. ವಾಟ್ಸ್ಆ್ಯಪಿನಲ್ಲಿ ಊರಿನ ಮದುವೆಯ ಬಿರಿಯಾನಿ ಫೋಟೊ ಅಲ್ಲಿಗೆ ತಲುಪುತ್ತದೆ, ತುಟಿಯ ಜೋಮು ಇಲ್ಲಿಗೆ ತಲುಪುವುದಿಲ್ಲವೇ? ರಜೆ ಶುರುವಾದ ಮೊದಲ ವಾರದಲ್ಲೇ ಹಲ್ಲಿನ ಕೆಲಸ ಮಾಡಿಸಿ. ಹೋಗುವಾಗ ಎಕ್ಸ್‌ರೇಯ ಪ್ರತಿಯನ್ನೂ ಏನೇನು ಮಾಡಿದರೆಂಬ ಚೀಟಿಯನ್ನೂ ಜೊತೆಗೊಯ್ಯಿರಿ.

ಮೇಲಿನ ಹಿಂದಿನ ಹಲ್ಲು ಕೀಳಿಸಿದವರಿಗೆ ಒಂದು ಮಾತು. ನೀರು ಕುಡಿದಾಗ ಮೂಗಿನಿಂದ ಬಂದರೆ ಅದನ್ನು ಹೇಳಲು ನಾಚಬೇಡಿ, ನಗುವ ವಿಷಯವೂ ಅಲ್ಲ. ಆ ಹಲ್ಲಿನ ಬೇರಿನ ಮೇಲೆಯೇ ಸೈನಸ್ ಎಂಬ ಗಾಳಿಗೂಡು ಇದೆ, ಅದಕ್ಕೆ ತೂತಾಗಿರಬಹುದು. ಡಾಕ್ಟರು ನೋಡುವವರೆಗೆ ಜೋರಾಗಿ ಮೂಗು ಸೀನಬೇಡಿ.

ಫೋನ್ ಮಾಡುವಾಗ ಬರೀ 'ನೋವು' ಎನ್ನಬೇಡಿ. ಯಾವ ದಿನ ಕಿತ್ತದ್ದು, ಯಾವ ಹಲ್ಲು, ತೊಂದರೆ ಯಾವಾಗ ಶುರುವಾಯಿತು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ, ಬಾಯಿ ಎಷ್ಟು ಬೆರಳು ತೆರೆಯುತ್ತದೆ, ಥರ್ಮಾಮೀಟರಿನಲ್ಲಿ ಜ್ವರ ಎಷ್ಟಿದೆ, ಯಾವ ಮಾತ್ರೆ ಎಷ್ಟು ನುಂಗಿದ್ದೀರಿ, ಯಾವುದನ್ನು ಬಿಟ್ಟಿದ್ದೀರಿ. ಮೆಟ್ರೊನಿಡಝೋಲ್ ನುಂಗಿದರೆ ಬಾಯೆಲ್ಲ ಕಬ್ಬಿಣದ ರುಚಿ, ಅದಕ್ಕೇ ಎಷ್ಟೋ ಮಂದಿ ಎರಡನೇ ದಿನವೇ ಬಿಡುತ್ತಾರೆ. ಬಿಟ್ಟಿದ್ದರೆ ಬಿಟ್ಟೆ ಎನ್ನಿ. ಮೆಡಿಕಲ್ ಶಾಪಿನವನು ಕೊಟ್ಟ ಬಿಡಿಮಾತ್ರೆಯ ಹಾಳೆಯನ್ನು ಎಸೆಯದೆ ಇಟ್ಟುಕೊಳ್ಳಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಬಾವು ಎರಡು ದಿನ ಇಳಿದಂತೆ ಕಾಣುತ್ತದೆ, ಒಳಗಿನ ಸೋಂಕು ಬೆಳೆಯುತ್ತಲೇ ಇರುತ್ತದೆ. ಸಕ್ಕರೆ ಕಾಯಿಲೆಯವರಂತೂ ಅದನ್ನು ಮುಟ್ಟಲೇಬಾರದು.

ಫೋನ್ ಎತ್ತದಿದ್ದರೆ? ಮತ್ತೊಮ್ಮೆ ಮಾಡಿ, ಮೆಸೇಜ್ ಹಾಕಿ, ಕ್ಲಿನಿಕ್‌ಗೇ ಹೋಗಿ. 'ಅದೆಲ್ಲ ಮಾಮೂಲಿ' ಎಂದು ನೋಡದೆಯೇ ತಳ್ಳಿಹಾಕಿದರೆ, ಮಾಮೂಲಿ ಹೌದೋ ಅಲ್ಲವೋ ಒಮ್ಮೆ ಬಾಯಿ ನೋಡಿ ಹೇಳಿ ಎಂದು ಕೇಳುವ ಹಕ್ಕು ನಿಮಗಿದೆ. ನೋಡಲೊಲ್ಲದ ಸರ್ಜನ್ ಆದರೆ ಚೀಟಿ, ಎಕ್ಸ್‌ರೇ ಹಿಡಿದು ಇನ್ನೊಬ್ಬ ಸರ್ಜನ್ ಬಳಿಗೋ ಹತ್ತಿರದ ಡೆಂಟಲ್ ಕಾಲೇಜಿಗೋ ಹೋಗಿ.

ಈಗ ನನ್ನ ಕ್ಲಿನಿಕ್‌ಗೆ ಕೆನ್ನೆ ಹಿಡಿದುಕೊಂಡು ಯಾರಾದರೂ ಬಂದರೆ ನಬ್ಝ್ ನೋಡುವ ಮೊದಲು ಅವರ ಸರ್ಜನ್‌ನ ನಂಬರ್ ಕೇಳುತ್ತೇನೆ. ಅವರ ಎದುರೇ ಫೋನ್ ಹಚ್ಚಿ ಅವರ ಕೈಗೇ ಕೊಡುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಮದ್ದು ಕೇಳಿದರೆ ಫೋನ್ ಕೊಡುತ್ತಾನೆ ಇವನೆಂಥ ಹಕೀಮ ಎಂದು ಗೊಣಗಿಕೊಂಡು ರಸ್ತೆಯ ಆ ಬದಿಯ ಮೆಡಿಕಲ್ ಶಾಪಿಗೆ ಹೋದವರೂ ಇದ್ದಾರೆ. ಆ ತಾಯಿ ಮಾತ್ರ ಹೋದ ತಿಂಗಳು ಕ್ಲಿನಿಕ್‌ಗೆ ಬಂದಿದ್ದರು. ಬಲಗಡೆ ಇನ್ನೊಂದು ಹಲ್ಲು ಕೀಳಿಸಿ ಎರಡು ದಿನವಾಗಿತ್ತು. "ಸರ್ಜನ್‌ಗೆ ನಾನೇ ಫೋನ್ ಮಾಡಿ ಕೇಳಿದೆ, ಈ ಬಾವು ಪರವಾಗಿಲ್ಲ ಅಂದ್ರು" ಎಂದರು. ನನ್ನ ಬಳಿಗೆ ಅವರು ಬಂದದ್ದು ಮಂಡಿನೋವಿಗೆ.